ಪರರನ್ನು ತನ್ನವರೆಂದ ದೇಶ

2023ರ ಏಪ್ರಿಲ್ ತಿಂಗಳ ಕೊನೆಯ ವಾರ. ವಾರ್ಷಿಕೋತ್ಸವದ ಲೆಕ್ಕಪತ್ರ ಮುಗಿಸಲೆಂದು ನಮ್ಮ ಸಂಘದ ಕಚೇರಿಯಲ್ಲಿ ಐದಾರು ಮಂದಿ ಸೇರಿದ್ದೆವು. ಲೆಕ್ಕ ಒಂದು ಕಡೆ, ಎಲ್ಲರ ಕಣ್ಣು ಟಿ.ವಿ.ಯ ಕಡೆ. ಸುಡಾನ್ ದೇಶದಲ್ಲಿ ಏಪ್ರಿಲ್ 15ರಂದು ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹೊತ್ತಿಕೊಂಡಿತ್ತು. ಗಿಡಮೂಲಿಕೆ, ತೈಲ ಮಾರಿ ನಾಲ್ಕು ಕಾಸು ಸಂಪಾದಿಸಲೆಂದು ಅಲ್ಲಿಗೆ ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಗುಂಡಿನ ಸದ್ದಿನ ನಡುವೆ ಸಿಕ್ಕಿಕೊಂಡಿದ್ದರು. ಭಾರತ ಸರಕಾರ ಕೈಗೊಂಡ ಕಾರ್ಯಾಚರಣೆಗೆ ನಮ್ಮ ಜೀವನದಿಯ ಹೆಸರೇ ಇತ್ತು: 'ಆಪರೇಷನ್ ಕಾವೇರಿ'. ನೌಕಾಪಡೆಯ ಹಡಗುಗಳಲ್ಲಿ, ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ತಾಯ್ನಾಡಿಗೆ, ಹೀಗೆ ಒಟ್ಟು 3,862 ಮಂದಿಯನ್ನು ಕರೆತರಲಾಯಿತು. ಬೆಂಗಳೂರಿನಲ್ಲಿ ಇಳಿದವರ ಮುಖ ಕಂಡಾಗ ನಮ್ಮಲ್ಲಿ ಕೆಲವರ ಕಣ್ಣು ತೇವವಾದವು.

ಆಗ ನಮ್ಮ ಜತೆಗಿದ್ದ ಹಿರಿಯರೊಬ್ಬರು ಒಂದು ಮಾತು ಕೇಳಿದರು. "ಇವರು ನಮ್ಮವರು, ನಮ್ಮ ಸರಕಾರ ಕರೆತಂದಿತು. ಸಂತೋಷ. ಆದರೆ ಆ ಸುಡಾನಿನವರನ್ನೇ ಕರೆದೊಯ್ಯಲು ಯಾರು ಬರುತ್ತಾರೆ ಮಾರಾಯರೇ?"

ಯಾರೂ ಉತ್ತರ ಹೇಳಲಿಲ್ಲ. ಲೆಕ್ಕಪತ್ರಕ್ಕೆ ಸಹಿ ಹಾಕಿ ಮನೆಗೆ ಹೋದೆವು. ಆದರೆ ಆ ಪ್ರಶ್ನೆ ಲೋಕಲ್ ರೈಲಿನಲ್ಲಿ ನನ್ನ ಜೊತೆಯಲ್ಲೇ ಬಂತು. ತನ್ನ ಪ್ರಜೆಗಳನ್ನು ಕರೆತರುವುದು ಸರಕಾರದ ಕರ್ತವ್ಯ. ತನಗೆ ಸಂಬಂಧವೇ ಇಲ್ಲದ ಬೇರೊಂದು ದೇಶದ ಜನರನ್ನು, ಅವರ ಅಂತರ್ಯುದ್ಧದಿಂದ ಎತ್ತಿ ತಂದು ನೆಲೆ ಕೊಟ್ಟ ಸರಕಾರ ಎಲ್ಲಾದರೂ ಇದೆಯೇ? ನಾನೇನೂ ಇತಿಹಾಸದ ವಿದ್ವಾಂಸನಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಆದರೂ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಾಗ ಒಂದು ದೇಶದ ಕಥೆ ಸಿಕ್ಕಿತು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಗಡಿಯಾಚೆಯ ಮುಳ್ಳುತಂತಿ

ಸ್ಪೇನ್ ದೇಶದ ಅಂತರ್ಯುದ್ಧ ಆರಂಭವಾದದ್ದು 1936ರ ಜುಲೈಯಲ್ಲಿ. ಚುನಾಯಿತ ಗಣರಾಜ್ಯ ಸರಕಾರದ ವಿರುದ್ಧ ಸೇನಾಧಿಕಾರಿಗಳು ದಂಗೆಯೆದ್ದರು. ಅವರ ನಾಯಕನಾಗಿ ಮೇಲೆ ಬಂದವನು ಜನರಲ್ ಫ್ರಾಂಕೊ. ಹಿಟ್ಲರನ ಜರ್ಮನಿ, ಮುಸೊಲಿನಿಯ ಇಟಲಿ ಅವನಿಗೆ ವಿಮಾನ, ಸೈನ್ಯ ಕೊಟ್ಟವು. ಬ್ರಿಟನ್, ಫ್ರಾನ್ಸ್ ದೇಶಗಳು 'ನಾವು ಮಧ್ಯೆ ಪ್ರವೇಶಿಸುವುದಿಲ್ಲ' ಎಂದು ಕೈಕಟ್ಟಿ ಕುಳಿತವು. ಗಣರಾಜ್ಯಕ್ಕೆ ಬಹಿರಂಗವಾಗಿ ನೆರವಾದ ಸರಕಾರಗಳು ಎರಡೇ ಎನ್ನಬಹುದು. ಒಂದು ಸೋವಿಯತ್ ಒಕ್ಕೂಟ, ಇನ್ನೊಂದು ದೂರದ ಮೆಕ್ಸಿಕೊ.

1939ರ ಜನವರಿ 26ರಂದು ಬಾರ್ಸಿಲೋನಾ ನಗರ ಫ್ರಾಂಕೊನ ವಶವಾಯಿತು. ಚಳಿಗಾಲದ ಆ ದಿನಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು, ಗಾಯಗೊಂಡ ಸೈನಿಕರು ಪಿರನೀಸ್ ಪರ್ವತ ದಾಟಿ ಫ್ರಾನ್ಸ್ ಸೇರಿದರು. ಕೆಲವೇ ವಾರಗಳಲ್ಲಿ ಗಡಿ ದಾಟಿದವರು ಹತ್ತಿರ ಹತ್ತಿರ ಐದು ಲಕ್ಷ. ಮೊದಲು ಹಿಂಜರಿದರೂ ಫ್ರಾನ್ಸ್ ಗಡಿ ತೆರೆಯಿತು, ಅಷ್ಟು ಜನರನ್ನು ಬೇರೆ ಯಾವ ದೇಶವೂ ಒಳಗೆ ಬಿಡಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಒಳಗೆ ಬಿಟ್ಟು ಎಲ್ಲಿಟ್ಟರು? ಆರ್ಜೆಲೆಸ್, ಸೇಂಟ್ ಸಿಪ್ರಿಯಾನ್ ಮೊದಲಾದ ಕಡಲತೀರಗಳಲ್ಲಿ, ಬರೀ ಮರಳಿನ ಮೇಲೆ, ಸುತ್ತ ಮುಳ್ಳುತಂತಿ ಹಾಕಿ. ಮೊದಮೊದಲು ತಲೆಯ ಮೇಲೆ ಸೂರೂ ಇರಲಿಲ್ಲ. ಮರಳಿನಲ್ಲಿ ಗುಂಡಿ ತೋಡಿ ಮಲಗಿದವರಿದ್ದರು. ಸ್ಪೇನಿನ ಹಿರಿಯ ಕವಿ ಆಂಟೋನಿಯೊ ಮಚಾದೊ ತಾಯಿಯೊಡನೆ ಗಡಿ ದಾಟಿ, ಕೊಲ್ಯೂರ್ ಎಂಬ ಪುಟ್ಟ ಊರಿನಲ್ಲಿ ಫೆಬ್ರವರಿ 22ರಂದು ತೀರಿಕೊಂಡರು.

ಅತ್ತ ಬ್ರಿಟನ್ ಮತ್ತು ಫ್ರಾನ್ಸ್, ಯುದ್ಧ ಮುಗಿಯುವ ಮೊದಲೇ, ಫೆಬ್ರವರಿ 27ರಂದು ಫ್ರಾಂಕೊನ ಸರಕಾರಕ್ಕೆ ಮಾನ್ಯತೆ ಕೊಟ್ಟುಬಿಟ್ಟವು.

ಒಬ್ಬ ಕ್ಯಾಪ್ಟನ್ ಎಷ್ಟು ಮಾಡಬಲ್ಲ?

ಮಾರ್ಚ್ ತಿಂಗಳ ಕೊನೆಗೆ ಗಣರಾಜ್ಯದ ಬಳಿ ಉಳಿದದ್ದು ಆಲಿಕಾಂತೆ ಬಂದರಿನ ಸುತ್ತಲಿನ ತುಂಡು ನೆಲ. ಹಡಗು ಬರುತ್ತದೆಂದು ಸಾವಿರಾರು ಜನ ಧಕ್ಕೆಯಲ್ಲಿ ಕಾಯುತ್ತಿದ್ದರು. ಕಿತ್ತಳೆ, ತಂಬಾಕು, ಕೇಸರಿ ತುಂಬಿಕೊಂಡು ಹೋಗಲು ಬಂದಿದ್ದ 'ಸ್ಟ್ಯಾನ್‌ಬ್ರೂಕ್' ಎಂಬ ಬ್ರಿಟಿಷ್ ಸರಕು ಹಡಗಿನ ಕ್ಯಾಪ್ಟನ್ ಆರ್ಚಿಬಾಲ್ಡ್ ಡಿಕ್ಸನ್ ಆ ಜನರನ್ನು ನೋಡಿದ. ಸರಕು ಬಿಟ್ಟು ಮನುಷ್ಯರನ್ನು ಹತ್ತಿಸಿಕೊಂಡ. ಮಾರ್ಚ್ 28ರ ರಾತ್ರಿ ಆ ಚಿಕ್ಕ ಹಡಗಿನಲ್ಲಿ 2,638 ಮಂದಿ ಹೊರಟರು. ನಿಲ್ಲಲೂ ಜಾಗವಿರಲಿಲ್ಲ.

ಹಡಗು ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯದ ಓರಾನ್ ಬಂದರು ತಲುಪಿತು. ಆದರೆ ಅಲ್ಲಿನ ಅಧಿಕಾರಿಗಳು ಇಳಿಯಲು ಬಿಡಲಿಲ್ಲ. ಹೆಂಗಸರು, ಮಕ್ಕಳಿಗೆ ಮೊದಲು ಅನುಮತಿ ಸಿಕ್ಕಿತು, ಗಂಡಸರಲ್ಲಿ ಅನೇಕರು ವಾರಗಟ್ಟಲೆ ಹಡಗಿನಲ್ಲೇ ಕೊಳೆಯಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಸ್ಟ್ಯಾನ್‌ಬ್ರೂಕ್ ಮುಳುಗಿತು. ಕ್ಯಾಪ್ಟನ್ ಡಿಕ್ಸನ್ ಮತ್ತು ಅವನ ಸಿಬ್ಬಂದಿ ಯಾರೂ ಉಳಿಯಲಿಲ್ಲ.

ಇದನ್ನು ಓದಿದಾಗ ನನಗನಿಸಿದ್ದು ಇಷ್ಟೇ. ಒಳ್ಳೆಯ ಮನುಷ್ಯನೊಬ್ಬ ಹಡಗು ತುಂಬಿಸಬಲ್ಲ. ಆದರೆ ಆಚೆ ದಡದ ಬಂದರನ್ನು ತೆರೆಯಲು ಅವನಿಂದಾಗದು. ಅದನ್ನು ತೆರೆಯಬೇಕಾದದ್ದು ಒಂದು ಸರಕಾರ. ನಮ್ಮ ಜವಾಹರಲಾಲ್ ನೆಹರೂ 1938ರ ಜೂನಿನಲ್ಲಿ ಕೃಷ್ಣ ಮೆನನ್ ಅವರೊಂದಿಗೆ ಬಾರ್ಸಿಲೋನಾಕ್ಕೆ ಹೋಗಿ ಬಾಂಬಿನ ನಡುವೆ ಐದು ದಿನ ಇದ್ದು ಬಂದಿದ್ದರು. ಭಾರತೀಯರ ಅನುಕಂಪ ಸ್ಪೇನಿನ ಜನರ ಕಡೆಗಿತ್ತು. ಆದರೆ ನಾವೇ ಪರಾಧೀನರು, ಒಬ್ಬನಿಗಾದರೂ ವೀಸಾ ಕೊಡುವ ಅಧಿಕಾರ ನಮಗಿರಲಿಲ್ಲ.

ಮೆಕ್ಸಿಕೊ ಹೇಳಿದ ಹೌದು

ಆ ಅಧಿಕಾರವನ್ನು ಬಳಸಿದ್ದು ಮೆಕ್ಸಿಕೊ. ಒಂದು ವಿಷಯ ಗಮನಿಸಬೇಕು. ಮೆಕ್ಸಿಕೊ ಮುನ್ನೂರು ವರ್ಷ ಸ್ಪೇನಿನ ಆಳ್ವಿಕೆಯಡಿ ನರಳಿ 1821ರಲ್ಲಿ ಬಿಡುಗಡೆ ಪಡೆದ ದೇಶ. ಶ್ರೀಮಂತ ದೇಶವೂ ಅಲ್ಲ. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಲಾಸಾರೊ ಕಾರ್ದೆನಾಸ್.

ಯುದ್ಧ ನಡೆಯುತ್ತಿರುವಾಗಲೇ, 1937ರ ಜೂನಿನಲ್ಲಿ, ಸುಮಾರು 450 ಸ್ಪೇನ್ ಮಕ್ಕಳು 'ಮೆಕ್ಸೀಕ್' ಎಂಬ ಹಡಗಿನಲ್ಲಿ ವೆರಾಕ್ರೂಸ್ ಬಂದರಿಗೆ ಬಂದಿಳಿದರು. ಕಾರ್ದೆನಾಸ್ ಅವರ ಸ್ವಂತ ರಾಜ್ಯದ ಮೊರೆಲಿಯಾ ನಗರದಲ್ಲಿ ಅವರಿಗಾಗಿ ವಸತಿಶಾಲೆ ತೆರೆಯಲಾಯಿತು. ಕೆಲವೇ ತಿಂಗಳು, ಯುದ್ಧ ಮುಗಿದ ಕೂಡಲೇ ಮನೆಗೆ ಎಂದು ಹೇಳಿ ತಂದೆತಾಯಿ ಕಳಿಸಿದ್ದರು. ಹೆಚ್ಚಿನವರು ಮತ್ತೆ ಊರು ಸೇರಲಿಲ್ಲ.

1939ರಲ್ಲಿ ಫ್ರಾನ್ಸಿನ ಶಿಬಿರಗಳಿಂದ ದೊಡ್ಡವರ ಸರದಿ ಬಂತು. ಕೆಲಸ ಹೀಗೆ ಹಂಚಿಕೆಯಾಗಿತ್ತು: ಒಳಗೆ ಬರಲು ಅನುಮತಿ ಮೆಕ್ಸಿಕೊ ಸರಕಾರದ್ದು, ಹಡಗಿನ ಖರ್ಚು ಸ್ಪೇನ್ ಗಣರಾಜ್ಯದ ನಾಯಕರು ಹೊರಗೆ ಸಾಗಿಸಿದ್ದ ಹಣದಿಂದ. ಅದೇ ವರ್ಷ ಮಾರ್ಚಿನಲ್ಲಿ 'ವೀಟಾ' ಎಂಬ ವಿಹಾರ ನೌಕೆ ಚಿನ್ನ, ಒಡವೆ ತುಂಬಿದ ಪೆಟ್ಟಿಗೆಗಳನ್ನು ಮೆಕ್ಸಿಕೊಕ್ಕೆ ತಂದಿತ್ತು. ಮ್ಯಾಡ್ರಿಡ್‌ನ ಗಿರವಿ ಸಂಸ್ಥೆಯಲ್ಲಿ ಅಡವಿಟ್ಟ ಒಡವೆಗಳೂ ಅದರಲ್ಲಿದ್ದುವಂತೆ. ಚಿನ್ನದ ಸಾಲದ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತ ನನಗೆ ಆ ಸಾಲು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಯಾರೋ ಬಡವಿಯ ಬೆಂಡೋಲೆ, ಯಾರೋ ಅಪರಿಚಿತರ ಹಡಗಿನ ಟಿಕೇಟು.

ಮೊದಲ ದೊಡ್ಡ ಹಡಗು 'ಸಿನಾಯಾ' ಮೇ ತಿಂಗಳ ಕೊನೆಯ ವಾರದಲ್ಲಿ ಫ್ರಾನ್ಸಿನ ಸೆತ್ ಬಂದರಿನಿಂದ ಸುಮಾರು 1,600 ಮಂದಿಯನ್ನು ಹೊತ್ತು ಹೊರಟು, ಜೂನ್ 13ರಂದು ವೆರಾಕ್ರೂಸ್ ತಲುಪಿತು. ದಾರಿಯಲ್ಲಿ ಮೆಕ್ಸಿಕೊದ ಇತಿಹಾಸ, ಭೂಗೋಳದ ಬಗ್ಗೆ ಉಪನ್ಯಾಸಗಳು. ಅಷ್ಟೇ ಅಲ್ಲ, ಹಡಗಿನಲ್ಲೇ ಸೈಕ್ಲೊಸ್ಟೈಲ್ ಮಾಡಿದ ದಿನಪತ್ರಿಕೆ! ಸಂಘ ಕಟ್ಟಿ, ಮುಖವಾಣಿ ನಡೆಸಿ ಗೊತ್ತಿರುವ ನಮಗೆ ಅದರ ಹಿಂದಿನ ಹಂಬಲ ಅರ್ಥವಾಗುತ್ತದೆ. ವೆರಾಕ್ರೂಸ್ ಧಕ್ಕೆಯಲ್ಲಿ ಸ್ವಾಗತಿಸಲು ಸಾವಿರಾರು ಜನ ನೆರೆದಿದ್ದರು. ಜುಲೈಯಲ್ಲಿ 'ಇಪನೇಮಾ', 'ಮೆಕ್ಸೀಕ್' ಹಡಗುಗಳು ಬಂದವು. ಇದೇ ಹೊತ್ತಿಗೆ ಚಿಲಿ ದೇಶದ ಸರಕಾರವೂ ಕವಿ ಪಾಬ್ಲೊ ನೆರೂದಾ ಅವರನ್ನು ಪ್ಯಾರಿಸಿಗೆ ಕಳುಹಿಸಿ, 'ವಿನಿಪೆಗ್' ಹಡಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಕರೆಸಿಕೊಂಡಿತು.

ಇದು ಬರೀ ಧರ್ಮಕಾರ್ಯವಾಗಿರಲಿಲ್ಲ. ಮೆಕ್ಸಿಕೊಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ನೂರರಲ್ಲಿ ಅರವತ್ತು ಮಂದಿ ರೈತರು, ಮೂವತ್ತು ಕಾರ್ಮಿಕರು, ಹತ್ತು ಮಂದಿ ವಿದ್ಯಾವಂತರು ಬರಲಿ ಎಂಬುದು ಅದರ ಲೆಕ್ಕ. ಆದರೆ ಲೆಕ್ಕ ಕಾಗದದಲ್ಲೇ ಉಳಿಯಿತು. ಬಂದವರಲ್ಲಿ ಶಿಕ್ಷಕರು, ವೈದ್ಯರು, ವಕೀಲರು, ಪಟ್ಟಣಿಗರು ಬಹಳ. ಯಾರ ಹೆಸರು ಪಟ್ಟಿಯಲ್ಲಿ ಮೇಲೆ, ಯಾರದು ಕೆಳಗೆ ಎಂಬ ಜಗಳವೂ ಇತ್ತು. ತಮ್ಮವರನ್ನು ಕಡೆಗಣಿಸಿದರೆಂದು ಅರಾಜಕತಾವಾದಿಗಳು ಕೊನೆಯವರೆಗೂ ದೂರುತ್ತಿದ್ದರು.

ಫ್ರಾನ್ಸ್ ಬಿದ್ದ ಮೇಲೆ

ನಿಜವಾದ ಪರೀಕ್ಷೆ ಬಂದದ್ದು 1940ರ ಜೂನಿನಲ್ಲಿ. ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಶಿಬಿರಗಳಲ್ಲಿದ್ದ ಸ್ಪೇನಿಗರು ಈಗ ಫ್ರಾಂಕೊ ಮತ್ತು ಹಿಟ್ಲರರ ನಡುವೆ ಸಿಕ್ಕರು. ಜುಲೈ 1ರಂದು ಕಾರ್ದೆನಾಸ್ ತಮ್ಮ ರಾಯಭಾರಿ ಲೂಯಿಸ್ ರೊದ್ರೀಗೆಸ್ ಅವರಿಗೆ ತಂತಿ ಕಳುಹಿಸಿದರು: ಫ್ರಾನ್ಸಿನಲ್ಲಿರುವ ಸ್ಪೇನ್ ನಿರಾಶ್ರಿತರೆಲ್ಲರನ್ನೂ, ಗಂಡಸು ಹೆಂಗಸು ಎನ್ನದೆ, ಸ್ವೀಕರಿಸಲು ಮೆಕ್ಸಿಕೊ ಸಿದ್ಧ ಎಂದು ಅಲ್ಲಿನ ಸರಕಾರಕ್ಕೆ ತಿಳಿಸಿ. ಒಂದೇ ವಾರದಲ್ಲಿ ರೊದ್ರೀಗೆಸ್ ವಿಶಿ ನಗರದಲ್ಲಿ ಮಾರ್ಷಲ್ ಪೆತಾನ್ ಅವರನ್ನು ಕಂಡರು. ಆಗಸ್ಟ್ ತಿಂಗಳಲ್ಲಿ ಒಪ್ಪಂದವಾಯಿತು. ಮೆಕ್ಸಿಕೊಕ್ಕೆ ಹೋಗಲು ಒಪ್ಪಿದವರು ಮೆಕ್ಸಿಕೊದ ರಕ್ಷಣೆಯಲ್ಲಿರುವವರು, ಹೊರಡುವತನಕ ಅವರ ಊಟ ವಸತಿಯ ಹೊಣೆ ಮೆಕ್ಸಿಕೊದ್ದು.

ಅದೇ ವಾರ ಏನಾಯಿತೆಂದರೆ, ಫ್ರಾನ್ಸಿನ ಆಂಗುಲೆಮ್ ಊರಿನ ಶಿಬಿರದಿಂದ 927 ಸ್ಪೇನಿಗರನ್ನು ತುಂಬಿದ ರೈಲೊಂದು ಆಗಸ್ಟ್ 24ರಂದು ಆಸ್ಟ್ರಿಯಾದ ಮೌಟ್‌ಹೌಸೆನ್ ನಾಜಿ ಶಿಬಿರಕ್ಕೆ ಹೋಗಿ ನಿಂತಿತು. ಗಂಡಸರನ್ನೂ ಹದಿಮೂರು ದಾಟಿದ ಹುಡುಗರನ್ನೂ ಇಳಿಸಿಕೊಂಡು, ಹೆಂಗಸರು ಮಕ್ಕಳನ್ನು ಫ್ರಾಂಕೊನ ಸ್ಪೇನಿಗೆ ಹಿಂದೆ ಕಳಿಸಿದರು. ಮುಂದೆ ಆ ಶಿಬಿರಕ್ಕೆ ಹೋದ ಸ್ಪೇನಿಗರು ಒಟ್ಟು 7,000ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೀವಂತ ಹೊರಬರಲಿಲ್ಲ. ಅವರು ಯಾವ ದೇಶದವರೂ ಅಲ್ಲ ಎಂದು ಪರಿಗಣಿಸಲಾಗಿತ್ತು. ನಮ್ಮವರು ಎಂದು ಯಾವುದಾದರೊಂದು ದೇಶ ಹೇಳುವುದಕ್ಕೂ ಹೇಳದಿರುವುದಕ್ಕೂ ಇರುವ ವ್ಯತ್ಯಾಸ ಇದು.

ಗಣರಾಜ್ಯದ ಮಾಜಿ ಅಧ್ಯಕ್ಷ ಮಾನುಯೆಲ್ ಅಸಾನ್ಯ ಆಗ ಫ್ರಾನ್ಸಿನ ಮೊಂತೊಬಾನ್‌ನಲ್ಲಿ ಹಾಸಿಗೆ ಹಿಡಿದಿದ್ದರು. ರೊದ್ರೀಗೆಸ್ ಅಲ್ಲಿನ ಹೋಟೆಲಿನಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದು, ಅದು ಮೆಕ್ಸಿಕೊದ ಕಚೇರಿಯ ಭಾಗವೆಂದು ಘೋಷಿಸಿ, ಅವರನ್ನು ಅಲ್ಲಿರಿಸಿಕೊಂಡರು. ನವೆಂಬರ್ 3ರಂದು ಅಸಾನ್ಯ ತೀರಿಕೊಂಡಾಗ ಗಣರಾಜ್ಯದ ಧ್ವಜ ಹೊದಿಸಲು ಸ್ಥಳೀಯ ಅಧಿಕಾರಿ ಒಪ್ಪಲಿಲ್ಲ. ರೊದ್ರೀಗೆಸ್ ಶವಪೆಟ್ಟಿಗೆಗೆ ಮೆಕ್ಸಿಕೊದ ಧ್ವಜ ಹೊದಿಸಿದರು.

ಮಾರ್ಸೇಲ್ಸ್‌ನ ಕೌಂಟರು

ನನಗೆ ಎಲ್ಲಕ್ಕಿಂತ ಹತ್ತಿರವಾದವರು ಮಾರ್ಸೇಲ್ಸ್ ಬಂದರಿನಲ್ಲಿ ಮೆಕ್ಸಿಕೊದ ಕಾನ್ಸುಲ್ ಜನರಲ್ ಆಗಿದ್ದ ಗಿಲ್ಬೆರ್ತೊ ಬೊಸ್ಕೆಸ್. 1892ರಲ್ಲಿ ಹುಟ್ಟಿದ ಅವರು ಮೊದಲು ಶಾಲಾ ಮಾಸ್ತರರು, ಪತ್ರಕರ್ತರು. ಅವರ ಕಚೇರಿಯ ಮುಂದೆ ದಿನವೂ ಸಾಲು. ಆದರೆ ಮೆಕ್ಸಿಕೊದ ವೀಸಾ ಒಂದೇ ಸಾಲದು. ಫ್ರಾನ್ಸ್ ಬಿಡಲು ಪರವಾನಗಿ ಬೇಕು, ದಾರಿಯ ದೇಶಗಳ ಅನುಮತಿ ಬೇಕು, ಹಡಗಿನ ಟಿಕೇಟು ಬೇಕು. ಒಂದು ಕಾಗದ ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ತೀರಿರುತ್ತಿತ್ತು. ಜರ್ಮನ್ ಲೇಖಕಿ ಅನ್ನಾ ಸೇಗರ್ಸ್ ಈ ಕಾಗದಗಳ ಚಕ್ರವ್ಯೂಹದ ಮೇಲೆಯೇ 'ಟ್ರಾನ್ಸಿಟ್' ಎಂಬ ಕಾದಂಬರಿ ಬರೆದರು. ಅವರೂ ಮೆಕ್ಸಿಕೊ ಸೇರಿ ಬದುಕಿದವರು.

ಬೊಸ್ಕೆಸ್ ಕಾಯುವವರನ್ನು ಬೀದಿಯಲ್ಲಿ ಬಿಡಲಿಲ್ಲ. ಊರಿನ ಅಂಚಿನ ಲಾ ರೆನಾರ್ದ್, ಮೊಂಗ್ರಾಂ ಎಂಬ ಎರಡು ದೊಡ್ಡ ಬಂಗಲೆಗಳನ್ನು ಬಾಡಿಗೆಗೆ ಹಿಡಿದರು. ಒಂದರಲ್ಲಿ ನೂರಾರು ಗಂಡಸರು, ಇನ್ನೊಂದರಲ್ಲಿ ಹೆಂಗಸರು ಮಕ್ಕಳು. ಮೇಲೆ ಮೆಕ್ಸಿಕೊದ ಬಾವುಟ. ಒಳಗೆ ಶಾಲೆ, ವೈದ್ಯರ ಕೋಣೆ, ಕಸುಬಿನ ಕಾರ್ಖಾನೆ, ತೋಟ, ನಾಟಕ. ಹೊರಟವರು ಕಾಸಾಬ್ಲಾಂಕಾದ ದಾರಿಯಾಗಿ, 'ನ್ಯಾಸಾ', 'ಸೆರ್ಪಾ ಪಿಂಟೊ' ಮೊದಲಾದ ಪೋರ್ಚುಗೀಸ್ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿದರು. 1942ರ ನವೆಂಬರಿನಲ್ಲಿ ಜರ್ಮನರು ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದಾಗ ಗೆಸ್ಟಾಪೊ ಕಚೇರಿಗೆ ನುಗ್ಗಿತು. ಬೊಸ್ಕೆಸ್, ಅವರ ಹೆಂಡತಿ, ಮಕ್ಕಳು, ಸಿಬ್ಬಂದಿ, ಒಟ್ಟು 43 ಮಂದಿಯನ್ನು ಜರ್ಮನಿಯ ಬಾಡ್ ಗೋಡೆಸ್‌ಬರ್ಗ್‌ನಲ್ಲಿ ಸುಮಾರು ಒಂದು ವರ್ಷ ಬಂಧನದಲ್ಲಿಟ್ಟರು. 1944ರಲ್ಲಿ ಬಿಡುಗಡೆಯಾಗಿ ಮೆಕ್ಸಿಕೊ ನಗರದ ರೈಲು ನಿಲ್ದಾಣಕ್ಕೆ ಬಂದಿಳಿದಾಗ, ಅವರ ಸಹಿಯಿಂದ ಬದುಕಿದವರು ಸ್ವಾಗತಕ್ಕೆ ಕಿಕ್ಕಿರಿದಿದ್ದರು. ಬೊಸ್ಕೆಸ್ 102 ವರ್ಷ ಬಾಳಿ 1995ರಲ್ಲಿ ತೀರಿಕೊಂಡರು. ವಿಯೆನ್ನಾ ನಗರ ಒಂದು ರಸ್ತೆಗೆ ಅವರ ಹೆಸರಿಟ್ಟಿದೆ.

ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ

ಎಲ್ಲವೂ ಚೆಂದವಾಗಿತ್ತೆಂದು ಬರೆದರೆ ತಪ್ಪಾಗುತ್ತದೆ. ಸ್ಪೇನಿಗರಿಗೆ ಬಾಗಿಲು ತೆರೆದ ಮೆಕ್ಸಿಕೊ, ಯುರೋಪಿನ ಯಹೂದಿ ನಿರಾಶ್ರಿತರ ವಿಷಯದಲ್ಲಿ ಅಷ್ಟು ಉದಾರವಾಗಿರಲಿಲ್ಲ. ಅವರನ್ನು ತಡೆಯುವ ಗುಪ್ತ ಸುತ್ತೋಲೆಗಳು ವಲಸೆ ಇಲಾಖೆಯಲ್ಲಿದ್ದವು. ಮೊರೆಲಿಯಾದ ಮಕ್ಕಳ ಬಾಳೂ ಹೂವಿನ ಹಾಸಿಗೆಯಾಗಲಿಲ್ಲ. ಕಾರ್ದೆನಾಸ್ ಅಧಿಕಾರ ಬಿಟ್ಟ ಮೇಲೆ ಶಾಲೆ ಮುಚ್ಚಿತು, ಅನೇಕರು ಹದಿಹರೆಯದಲ್ಲೇ ಕೂಲಿನಾಲಿಗೆ ಬಿದ್ದರು. ಫ್ರಾನ್ಸಿನಲ್ಲಿದ್ದ ಎಲ್ಲರನ್ನೂ ತರುತ್ತೇವೆಂದ ಮೆಕ್ಸಿಕೊ ತಂದದ್ದು ಒಟ್ಟು ಇಪ್ಪತ್ತು ಸಾವಿರದ ಆಸುಪಾಸು. ಹಡಗಿರಲಿಲ್ಲ, ಯುದ್ಧ ಬಿಡಲಿಲ್ಲ.

ಆದರೆ ಬಂದವರು ಮೆಕ್ಸಿಕೊಕ್ಕೆ ಹೊರೆಯಾಗಲಿಲ್ಲ. ಅವರಲ್ಲಿನ ವಿದ್ವಾಂಸರಿಗಾಗಿ 1938ರಲ್ಲಿ ಆರಂಭಿಸಿದ 'ಕಾಸಾ ದೆ ಎಸ್ಪಾನ್ಯ' ಎಂಬ ಸಂಸ್ಥೆ 1940ರಲ್ಲಿ 'ಕೊಲೇಹಿಯೊ ದೆ ಮೆಹಿಕೊ' ಆಗಿ ಬೆಳೆದು ಇಂದಿಗೂ ಆ ದೇಶದ ಹೆಸರಾಂತ ವಿದ್ಯಾಸಂಸ್ಥೆ. ನಿರಾಶ್ರಿತರು ತಮ್ಮ ಮಕ್ಕಳಿಗಾಗಿ ಶಾಲೆ ಕಟ್ಟಿದರು, 1949ರಲ್ಲಿ 'ಅತೆನೆಯೊ ಎಸ್ಪಾನ್ಯೊಲ್' ಎಂಬ ಸಂಘ ಸ್ಥಾಪಿಸಿದರು. ಮುಂದಿನ ವರ್ಷ ಊರಿಗೆ, ಮುಂದಿನ ವರ್ಷ ಊರಿಗೆ ಎನ್ನುತ್ತಲೇ ಮೂವತ್ತಾರು ವರ್ಷ ಕಳೆಯಿತು. ಫ್ರಾಂಕೊ ಸತ್ತದ್ದು 1975ರಲ್ಲಿ. ಮೆಕ್ಸಿಕೊ ಅವನ ಸರಕಾರಕ್ಕೆ ಕೊನೆಯವರೆಗೂ ಮಾನ್ಯತೆ ಕೊಡಲಿಲ್ಲ. ಸ್ಪೇನಿನೊಡನೆ ಸಂಬಂಧ ಮತ್ತೆ ಕುದುರಿದ್ದು 1977ರಲ್ಲಿ. ಅಷ್ಟರಲ್ಲಿ ಮೊಮ್ಮಕ್ಕಳು ಮೆಕ್ಸಿಕನ್ನರೇ ಆಗಿದ್ದರು. ಹೊಟ್ಟೆಪಾಡಿಗೆಂದು ಬಂದು, ನಾಲ್ಕು ವರ್ಷ ದುಡಿದು ಊರಿಗೆ ಮರಳುತ್ತೇನೆಂದು ಇಲ್ಲೇ ಮೊಮ್ಮಕ್ಕಳನ್ನು ಕಂಡ ನಮ್ಮ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮಗೆ ಊರಿನ ದಾರಿ ಎಂದೂ ಮುಚ್ಚಿರಲಿಲ್ಲ.

ಕೊನೆಗೆ ನನ್ನದೇ ಒಂದು ಸಂಗತಿ. ಸುಮಾರು ಹತ್ತು ವರ್ಷಗಳ ಹಿಂದೆ ರಾಯಚೂರು ಕಡೆಯ ಹುಡುಗನೊಬ್ಬ ಕಟ್ಟಡ ಕೆಲಸದವನು ನನ್ನ ಕೌಂಟರಿಗೆ ಬಂದ. ಖಾತೆ ತೆರೆಯಬೇಕು, ಕೈಯಲ್ಲಿ ವಿಳಾಸದ ದಾಖಲೆ ಇಲ್ಲ. ಕನ್ನಡದಲ್ಲೇ ಮಾತಾಡಿಸಿದೆ, ಕನ್ನಡದಲ್ಲೇ ಹಿಂದೆ ಕಳಿಸಿದೆ. ಮೂರು ಸಲ ಬಂದ. ನಾಲ್ಕನೆಯ ಸಲ ಬರಲಿಲ್ಲ. ಸೇರಿಸಿಟ್ಟ ಕೂಲಿ ಹಣ ಜೋಪಡಿಯಲ್ಲಿ ಕಳುವಾಯಿತೆಂದು ಆಮೇಲೆ ಅವನ ಜತೆಗಾರನೊಬ್ಬ ಹೇಳಿದ. ದಾಖಲೆ ಇಲ್ಲದವರಿಗೂ ಫೋಟೋ ಅಂಟಿಸಿ, ಅಧಿಕಾರಿಯ ಎದುರು ಸಹಿ ಮಾಡಿಸಿ 'ಸಣ್ಣ ಖಾತೆ' ತೆರೆಯಬಹುದೆಂಬ ನಿಯಮ ಆಗಲೇ ಇತ್ತು. ನಾನು ಸುತ್ತೋಲೆ ತೆಗೆದು ನೋಡಿರಲಿಲ್ಲ. ಊಟದ ಹೊತ್ತಾಗಿತ್ತು.

ಜೀವ ಉಳಿಸುವ ವೀಸಾಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಹೋಲಿಕೆ ಇಲ್ಲ, ನಿಜ. ಕಾರ್ದೆನಾಸ್ ಅವರಂತೆ ಬಂದರು ತೆರೆಯುವ ಅಧಿಕಾರವೂ ನಮ್ಮಂಥವರಿಗಿಲ್ಲ. ಆದರೆ ಅವರ ಆ ತಂತಿ ಮನುಷ್ಯರನ್ನು ಬದುಕಿಸಿದ್ದು ಮಾರ್ಸೇಲ್ಸ್‌ನಲ್ಲಿ ಒಬ್ಬರು ಮೇಜಿನ ಹಿಂದೆ ಕುಳಿತು, ನಾಳೆ ಬನ್ನಿ ಎನ್ನದೆ, ಒಂದೊಂದೇ ಕಾಗದಕ್ಕೆ ಠಸ್ಸೆ ಒತ್ತಿದ್ದರಿಂದ.

ಸಂಘದ ಹಿರಿಯರ ಪ್ರಶ್ನೆಗೆ ಮೊನ್ನೆ ಉತ್ತರ ಹೇಳಿದೆ. ಹಿಂದೆ ಒಂದು ದೇಶ ಬಂದಿತ್ತು ಎಂದೆ. ಅವರು ಕಥೆಯನ್ನೆಲ್ಲ ಕೇಳಿ, "ಹಾಗಾದರೆ ಸುಡಾನಿಗೆ?" ಎಂದರು. 2023ರಿಂದ ಅಲ್ಲಿ ಮನೆ ಬಿಟ್ಟವರ ಸಂಖ್ಯೆ ಒಂದು ಕೋಟಿ ದಾಟಿದೆ. ಅವರಿಗಾಗಿ ನನ್ನ ಬಳಿ ಇನ್ನೂ ಉತ್ತರವಿಲ್ಲ. ಆದರೆ ಈಗ ನನ್ನ ಕೌಂಟರಿನ ಡ್ರಾವರಿನಲ್ಲಿ ಸಣ್ಣ ಖಾತೆಯ ಅರ್ಜಿಗಳನ್ನು ಮೇಲೆಯೇ ಇಟ್ಟುಕೊಂಡಿದ್ದೇನೆ. ನಮ್ಮ ಸಂಘದ ಬಾಗಿಲಿಗೆ ಕಾಗದವಿಲ್ಲದೆ ಬರುವ ಹುಡುಗರಿದ್ದರೆ ಕಳುಹಿಸಿಕೊಡಿ.